ಬಾವಿ ನೀರಿನ ಉಪ್ಪು ಅಳೆಯುವ ಮಕ್ಕಳು

ಉಡುಪಿ ಜಿಲ್ಲೆಯ ಉಪ್ಪುಂದದ ಪಡುವಣ ಅಂಚು ಅರಬ್ಬಿ ಸಮುದ್ರ. ಕಡಲಿಗೂ ರಾಷ್ಟ್ರೀಯ ಹೆದ್ದಾರಿ 66ಕ್ಕೂ ನಡುವಿನ ನೆಲದಲ್ಲಿ ಮನೆಗೊಂದು ಬಾವಿ ಎಂಬುದು ಇಲ್ಲಿನ ಕ್ರಮ. ಆಷಾಢದಲ್ಲಿ ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬರುವ ನೀರು ಬೇಸಿಗೆಯಲ್ಲಿ ತಳ ಸೇರುತ್ತದೆ. ಕರಾವಳಿಯ ಇಂಥ ಊರುಗಳಲ್ಲಿ ಕೆಲವು ಬಾವಿಗಳ ನೀರು ಆಗ ಉಪ್ಪಾಗುತ್ತದೆ, ಪಕ್ಕದ ಮನೆಯದ್ದು ಸಿಹಿಯಾಗಿಯೇ ಉಳಿಯುತ್ತದೆ. ಊರವರಿಗೆಲ್ಲ ಗೊತ್ತಿರುವ ಸಂಗತಿ ಇದು. ಆದರೆ ಎಷ್ಟು ಉಪ್ಪು, ಯಾವ ವಾರದಿಂದ, ಕಡಲಿನಿಂದ ಎಷ್ಟು ದೂರದವರೆಗೆ ಎಂದು ಕೇಳಿದರೆ ಬರೆದಿಟ್ಟ ಉತ್ತರ ಸಿಗುವುದು ಕಷ್ಟ. ಈ ಬಗೆಯ ಪ್ರಶ್ನೆಗೆ ಹನ್ನೆರಡು ಹದಿಮೂರು ವರ್ಷದ ಮಕ್ಕಳಿಂದ ಉತ್ತರ ಬಯಸುವ ಒಂದು ಸ್ಪರ್ಧೆ ನಮ್ಮ ದೇಶದಲ್ಲಿದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಅದರ ಕೊನೆಯ ದಿನ ಮಾತ್ರ: ವೇದಿಕೆ, ನಾಲ್ಕು ಭಿತ್ತಿಪತ್ರ, ಮಾತಾಡುವ ಒಂದು ಮಗು, ಎದುರಿಗೆ ಕುಳಿತ ತೀರ್ಪುಗಾರರು. ಅದರ ಹಿಂದಿನ ತಿಂಗಳುಗಟ್ಟಲೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದು ಈ ಲೇಖನದ ವಿಷಯ.

ಸ್ಪರ್ಧೆಯ ಹೆಸರು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ 1993ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಮಧ್ಯಪ್ರದೇಶದ ಗ್ವಾಲಿಯರ್‌ನಲ್ಲಿ ಚಿಕ್ಕ ಪ್ರಮಾಣದಲ್ಲಿ ಇಂಥದೇ ಪ್ರಯತ್ನ ನಡೆದಿತ್ತು. ಕರ್ನಾಟಕದಲ್ಲಿ ಇದರ ಹೊಣೆ ಹೊತ್ತದ್ದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಶಾಲೆಯ ಗ್ರಂಥಾಲಯದಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ನೋಡಿದವರಿಗೆ ಪರಿಷತ್ತಿನ ಹೆಸರು ಹೊಸದಲ್ಲ. ಹತ್ತು ವರ್ಷ ತುಂಬಿದ, ಹದಿನೇಳು ತುಂಬದ ಯಾವ ಮಗುವೂ ಭಾಗವಹಿಸಬಹುದು. ಹತ್ತರಿಂದ ಹದಿನಾಲ್ಕರೊಳಗಿನವರು ಕಿರಿಯರು, ಅದಕ್ಕಿಂತ ಮೇಲಿನವರು ಹಿರಿಯರು. ಶಾಲೆ ಬಿಟ್ಟ ಮಕ್ಕಳಿಗೂ ಅವಕಾಶವಿದೆ. ಮಕ್ಕಳ ಜೊತೆಗೆ ಒಬ್ಬರು ಮಾರ್ಗದರ್ಶಿ ಇರಬೇಕು, ಸಾಮಾನ್ಯವಾಗಿ ಅದು ಶಾಲೆಯ ವಿಜ್ಞಾನ ಶಿಕ್ಷಕರು. ಮೊದಲೆಲ್ಲ ಒಂದು ತಂಡದಲ್ಲಿ ಐದು ಮಕ್ಕಳವರೆಗೆ ಇರುತ್ತಿದ್ದರು. ಈಚಿನ ವರ್ಷಗಳಲ್ಲಿ ಅದನ್ನು ಇಬ್ಬರಿಗೆ ಇಳಿಸಿದ್ದಾರೆ. ಜಿಲ್ಲೆಯಲ್ಲಿ ಗೆದ್ದವರು ರಾಜ್ಯಕ್ಕೆ, ರಾಜ್ಯದಲ್ಲಿ ಗೆದ್ದವರು ರಾಷ್ಟ್ರ ಮಟ್ಟಕ್ಕೆ. ರಾಷ್ಟ್ರ ಮಟ್ಟದ ಸಮಾವೇಶ ಬಹುಕಾಲ ಡಿಸೆಂಬರ್ ಕೊನೆಯ ವಾರ ನಡೆಯುತ್ತಿತ್ತು; 2014ರಲ್ಲಿ ಅದಕ್ಕೆ ಬೆಂಗಳೂರು ಆತಿಥ್ಯ ವಹಿಸಿತ್ತು.

ಇದು ರಸಪ್ರಶ್ನೆಯಲ್ಲ. ಥರ್ಮಾಕೋಲಿನ ಜ್ವಾಲಾಮುಖಿ ಮಾಡಿ, ಅಡುಗೆ ಸೋಡಾಕ್ಕೆ ವಿನೆಗರ್ ಹೊಯ್ದು ನೊರೆ ಉಕ್ಕಿಸುವ ವಸ್ತುಪ್ರದರ್ಶನವೂ ಅಲ್ಲ. ವಸ್ತುಪ್ರದರ್ಶನದಲ್ಲಿ ಪುಸ್ತಕದಲ್ಲಿರುವುದನ್ನು ಮಾಡಿ ತೋರಿಸಿದರೆ ಸಾಕು. ಇಲ್ಲಿ ತಮ್ಮದೇ ಊರಿನ ಒಂದು ಸಮಸ್ಯೆಯನ್ನು ಎತ್ತಿಕೊಂಡು, ಅಳೆದು, ಅಳತೆಯಿಂದ ಏನು ತಿಳಿಯಿತೆಂದು ಹೇಳಬೇಕು. ಎರಡು ವರ್ಷಕ್ಕೊಮ್ಮೆ ಒಂದು ಕೇಂದ್ರ ವಿಷಯ ಘೋಷಣೆಯಾಗುತ್ತದೆ. 2004–05ರಲ್ಲಿ ಜಲ ಸಂಪನ್ಮೂಲ, 2006–07ರಲ್ಲಿ ಜೀವವೈವಿಧ್ಯ, 2012–13ರಲ್ಲಿ ಶಕ್ತಿ, 2014–15ರಲ್ಲಿ ಹವಾಮಾನ ಮತ್ತು ವಾಯುಗುಣ. ಅದರಡಿ ಹಲವು ಉಪವಿಷಯಗಳು. ತಂಡದ ಕೆಲಸ ಇವುಗಳಲ್ಲೊಂದಕ್ಕೆ ಹೊಂದಬೇಕು. ವಿಷಯ ಎರಡು ವರ್ಷ ನಿಲ್ಲುವುದರಲ್ಲಿ ಒಂದು ಅನುಕೂಲವಿದೆ, ಅದು ಉಪ್ಪುಂದದಂಥ ಊರಿನ ತಂಡಕ್ಕೆ ಎಷ್ಟು ಮುಖ್ಯವೆಂಬುದು ಮುಂದೆ ಗೊತ್ತಾಗುತ್ತದೆ.

ಬಾವಿ ನೀರಿನ ಉದಾಹರಣೆಯನ್ನೇ ಹಿಡಿದು, ಒಂದು ತಂಡ ಇಂಥ ಯೋಜನೆಗೆ ಕೈಹಾಕಿದೆ ಎಂದುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲ ಹೆಜ್ಜೆ ಪ್ರಶ್ನೆ. ಅರ್ಧ ಯೋಜನೆಗಳು ಸೋಲುವುದು ಇಲ್ಲೇ. ಮಕ್ಕಳು ತರುವ ಮೊದಲ ಪ್ರಶ್ನೆ ಯಾವಾಗಲೂ ದೊಡ್ಡದು: “ಕರಾವಳಿಯ ಜಲಮಾಲಿನ್ಯ”. ಇದು ಪ್ರಶ್ನೆಯೇ ಅಲ್ಲ, ಭಾಷಣದ ಶೀರ್ಷಿಕೆ. ಅನುಭವಿ ಮಾರ್ಗದರ್ಶಿ ಇದನ್ನು ತಳ್ಳಿಹಾಕುವುದಿಲ್ಲ, ಕೇಳುತ್ತ ಹೋಗುತ್ತಾರೆ. ಯಾವ ನೀರು? ಬಾವಿಯದ್ದು. ಎಲ್ಲಿಯ ಬಾವಿ? ನಮ್ಮ ವಾರ್ಡಿನದ್ದು. ಏನು ತೊಂದರೆ? ಉಪ್ಪು. ಯಾವಾಗ? ಬೇಸಿಗೆಯಲ್ಲಿ. ಎಲ್ಲ ಬಾವಿಗೂ? ಇಲ್ಲ, ಕಡಲ ಹತ್ತಿರದವಕ್ಕೆ. ಕಡಲ ಹತ್ತಿರದ ಎಲ್ಲದಕ್ಕೂ? ಈ ಪ್ರಶ್ನೆಗೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಗೊತ್ತಿಲ್ಲದ ಜಾಗ ಸಿಕ್ಕಿತು; ಯೋಜನೆ ಅಲ್ಲಿಂದ ಶುರು. ಕೊನೆಗೆ ನೋಟ್ ಪುಸ್ತಕದಲ್ಲಿ ಉಳಿಯುವ ಪ್ರಶ್ನೆ ಸಣ್ಣದು, ಅಳೆಯಲು ಬರುವಂಥದ್ದು: ಸಮುದ್ರ ದಂಡೆಯಿಂದ ಒಂದು ಕಿಲೋಮೀಟರ್ ಒಳಗೆ, ದೂರ ಹೆಚ್ಚಿದಂತೆ ಬಾವಿ ನೀರಿನ ಉಪ್ಪಿನಂಶ ಕಡಿಮೆಯಾಗುತ್ತದೆಯೇ? ಅದರ ಕೆಳಗೆ ತಂಡದ ಊಹೆ: “ಆಗುತ್ತದೆ.” ಈ ಊಹೆ ತಪ್ಪಾದರೆ ಅಂಕ ಕಡಿಮೆಯಾಗುವುದಿಲ್ಲ. ತಪ್ಪೆಂದು ತೋರಿಸಿಕೊಟ್ಟ ತಂಡವನ್ನು ಒಳ್ಳೆಯ ತೀರ್ಪುಗಾರರು ಇನ್ನಷ್ಟು ಗಮನಕೊಟ್ಟು ಕೇಳುತ್ತಾರೆ.

ಉಪ್ಪುಂದ ಸೇರಿರುವ ಕುಂದಾಪುರ ಸೀಮೆಗೆ ಮಕ್ಕಳ ವಿಜ್ಞಾನ ಹೊಸತೇನಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡದಲ್ಲಿ ಕೊಟ್ಟವರು. ಸಮಾವೇಶದಲ್ಲೂ ಭಾಷೆಯ ಅಡ್ಡಿಯಿಲ್ಲ. ಸರ್ಕಾರಿ ಕನ್ನಡ ಶಾಲೆಯ ಮಗು ತನ್ನ ವರದಿಯನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಮಂಡಿಸಬಹುದು.

ಎರಡನೆಯದು ಬಾವಿಗಳ ಆಯ್ಕೆ. ಸುಲಭದ ದಾರಿಯೆಂದರೆ ಗುರುತಿನ ಮನೆಗಳಿಗೆ ಹೋಗುವುದು. ಹಾಗೆ ಮಾಡಿದರೆ ಎಲ್ಲ ಬಾವಿಗಳೂ ಒಂದೇ ಕೇರಿಯಲ್ಲಿ ಸಿಕ್ಕಿ, ದೂರದ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಆದ್ದರಿಂದ ಮೊದಲು ಊರಿನ ನಕ್ಷೆ ಬರೆಯಬೇಕು. ದಂಡೆಗೆ ಸಮಾನಾಂತರವಾಗಿ ನೂರು, ಮುನ್ನೂರು, ಆರುನೂರು ಮೀಟರ್, ಒಂದು ಕಿಲೋಮೀಟರ್ ಎಂದು ಗೆರೆ ಎಳೆದು, ಒಂದೊಂದು ಪಟ್ಟಿಯಲ್ಲೂ ಒಂದೇ ಸಂಖ್ಯೆಯ ಬಾವಿಗಳನ್ನು ಆರಿಸಬೇಕು. ಮರಳು ನೆಲದಲ್ಲಿ ತೋಡಿದ್ದೋ, ಕೆಂಪುಕಲ್ಲಿನಲ್ಲಿ ಕಡಿದದ್ದೋ ಎಂದು ಬರೆದಿಡಬೇಕು, ಏಕೆಂದರೆ ನೀರು ಇವೆರಡರಲ್ಲಿ ಒಂದೇ ರೀತಿ ಹರಿಯುವುದಿಲ್ಲ. ಹೊಳೆಯೋ ತೋಡೋ ಹತ್ತಿರದಲ್ಲಿದ್ದರೆ ಅದನ್ನೂ ಗುರುತಿಸಬೇಕು. ಈ ಒಂದು ಗುರುತು ಮುಂದೆ ಇಡೀ ಯೋಜನೆಯ ದಿಕ್ಕನ್ನೇ ಬದಲಿಸಬಲ್ಲದು.

ಮೂರನೆಯದು ಮನೆಮನೆ ಭೇಟಿ, ಅಂದರೆ ಸಮೀಕ್ಷೆ. ಪುಸ್ತಕದ ಕನ್ನಡದಲ್ಲಿ ಅಚ್ಚು ಹಾಕಿದ ಪ್ರಶ್ನಾವಳಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. “ತಮ್ಮ ಬಾವಿಯ ಜಲದ ಲವಣಾಂಶ ಯಾವ ಮಾಸದಲ್ಲಿ ಅಧಿಕವಾಗುತ್ತದೆ” ಎಂದು ಓದಿದರೆ ಅಜ್ಜಿ ಮಗುವನ್ನೇ ನೋಡುತ್ತಾರೆ. ಅದೇ ಮಗು ಮನೆಮಾತಿಗೆ ಇಳಿದು, “ಅಜ್ಜಿ, ನಿಮ್ ಬಾಮಿ ನೀರ್ ಯಾವಾಗಿಂದ ಉಪ್ಪ್ ಆತ್ತ್?” ಎಂದರೆ, “ಮಾರಣಕಟ್ಟೆ ಹಬ್ಬ ಕಳ್ದ್ ಮೇಲೆ ಕಾಣ್ ಮಗಾ” ಎಂಬ ಉತ್ತರ ತಟ್ಟನೆ ಬರುತ್ತದೆ. ಇನ್ನೊಂದು ಮನೆಯಲ್ಲಿ ಶಿವರಾತ್ರಿ ಎನ್ನುತ್ತಾರೆ. ಹಿರಿಯರ ನೆನಪಿನಲ್ಲಿ ಕಾಲ ಕೂತಿರುವುದು ಹಬ್ಬಗಳ ಲೆಕ್ಕದಲ್ಲಿ. ಮಕ್ಕಳು ಅದನ್ನು ಹಾಗೆಯೇ ಬರೆದುಕೊಂಡು ಬಂದು, ಪಂಚಾಂಗ ಬಿಡಿಸಿ ತಿಂಗಳಿಗೆ ಇಳಿಸಬೇಕು: ಮಾರಣಕಟ್ಟೆ ಹಬ್ಬವೆಂದರೆ ಮಕರ ಸಂಕ್ರಮಣ, ಜನವರಿ ನಡುವೆ, ಶಿವರಾತ್ರಿಯೆಂದರೆ ಫೆಬ್ರವರಿ ಅಥವಾ ಮಾರ್ಚ್. ಎರಡು ಬಾವಿಗಳ ನಡುವೆ ಒಂದರಿಂದ ಎರಡು ತಿಂಗಳ ಅಂತರ ಹೀಗೆ ಕಾಗದದ ಮೇಲೆ ಬರುತ್ತದೆ. ಉತ್ತರ ಕೊಟ್ಟವರ ಮಾತನ್ನು ತಿದ್ದದೆ ಮೊದಲು ಬರೆದುಕೊಳ್ಳುವುದು, ಆಮೇಲೆ ಲೆಕ್ಕಕ್ಕೆ ಇಳಿಸುವುದು, ಎರಡನ್ನೂ ಬೇರೆ ಬೇರೆ ಕಂಬಸಾಲಿನಲ್ಲಿ ಇಡುವುದು: ಇದು ಸಮೀಕ್ಷೆಯ ಶಿಸ್ತು. ದೊಡ್ಡ ಸಂಶೋಧಕರೂ ಎಷ್ಟೋ ಸಲ ಮರೆಯುವ ಶಿಸ್ತು.

ನೆನಪು ಸಾಕ್ಷಿ, ಅಳತೆಯಲ್ಲ. ಅಳತೆಗೆ ನೀರಿನ ಮಾದರಿ ಬೇಕು. ಮಾದರಿ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಬೆಳಿಗ್ಗೆ ಪಂಪ್ ಹಾಕುವ ಮುನ್ನವೇ ಹೋಗಬೇಕು. ಪಂಪ್ ಓಡಿದ ಮೇಲೆ ನೀರಿನ ಮಟ್ಟ ಇಳಿದಿರುತ್ತದೆ, ಬೇರೆ ಸೆಲೆಯ ನೀರು ಬೆರೆತಿರುತ್ತದೆ. ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಬಾವಿಕಟ್ಟೆಯಿಂದ ನೀರಿನವರೆಗಿನ ಆಳ ಅಳೆದುಕೊಳ್ಳಬೇಕು. ಕಟ್ಟೆಯ ಎತ್ತರವನ್ನು ಅದರಲ್ಲಿ ಕಳೆಯಲು ಮರೆಯಬಾರದು. ಕೊಡಪಾನದಲ್ಲಿ ಸೇದಿದ ನೀರಿನಿಂದಲೇ ಬಾಟಲಿಯನ್ನು ಮೂರು ಸಲ ಗಲಬರಿಸಿ ಚೆಲ್ಲಿ, ನಾಲ್ಕನೆಯ ಸಲ ಕಂಠಪೂರ್ತಿ ತುಂಬಿ ಮುಚ್ಚಳ ಬಿಗಿಯಬೇಕು. ಬಾಟಲಿಯ ಮೇಲೆ ಮನೆಯ ಹೆಸರು ಬರೆಯದೆ ಬರಿಯ ಸಂಖ್ಯೆ ಹಾಕುವ ತಂಡ ಜಾಣ ತಂಡ. ಯಾವ ಸಂಖ್ಯೆ ಯಾವ ಮನೆ ಎಂಬ ಪಟ್ಟಿ ಒಬ್ಬರ ಬಳಿ, ಪ್ರಯೋಗ ಮಾಡುವ ಕೈ ಇನ್ನೊಬ್ಬರದು. ಇದು ಕಡಲ ಬುಡದ ಬಾವಿ, ಉಪ್ಪೇ ಇರಬೇಕು ಎಂಬ ಪೂರ್ವಗ್ರಹ ಕೈಗೆ ಇಳಿಯದಂತೆ ಈ ಕ್ರಮ ತಡೆಯುತ್ತದೆ.

ಈಗ ಪ್ರಯೋಗಶಾಲೆ. ನೀರಿನಲ್ಲಿರುವ ಉಪ್ಪನ್ನು ಅದರ ಕ್ಲೋರೈಡ್ ಅಂಶದಿಂದ ಅಳೆಯುವುದು ಹಳೆಯ, ನಂಬಿಕೆಯ ವಿಧಾನ. ಪ್ರೌಢಶಾಲೆಯ ಅಥವಾ ಹತ್ತಿರದ ಪಿಯು ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದಕ್ಕೆ ಬೇಕಾದ ಗಾಜಿನ ಸಾಮಾನು ಇರುತ್ತದೆ. ಗುರುತು ಗೀಟು ಹಾಕಿದ ಉದ್ದನೆಯ ಗಾಜಿನ ಕೊಳವೆಗೆ ಬ್ಯುರೆಟ್ ಎನ್ನುತ್ತಾರೆ. ತುದಿಯಲ್ಲಿ ನಲ್ಲಿಯಂಥ ತಿರುಪು ಇದ್ದು, ಹನಿ ಹನಿಯಾಗಿ ದ್ರಾವಣ ಬಿಡಬಹುದು. ಅದರಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣ. ಕೆಳಗೆ ಫ್ಲಾಸ್ಕಿನಲ್ಲಿ 50 ಮಿಲಿಲೀಟರ್ ಬಾವಿ ನೀರು, ಅದಕ್ಕೆ ಕೆಲವು ಹನಿ ಪೊಟ್ಯಾಸಿಯಂ ಕ್ರೋಮೇಟ್. ನೀರು ನಿಂಬೆಹಳದಿಗೆ ತಿರುಗುತ್ತದೆ.

ಬ್ಯುರೆಟ್ಟಿನ ತಿರುಪು ಬಿಟ್ಟಾಗ ಇಳಿದ ಬೆಳ್ಳಿಯ ಅಂಶ ಮೊದಲು ಹೋಗಿ ಕ್ಲೋರೈಡನ್ನು ಹಿಡಿಯುತ್ತದೆ. ನೀರು ಬೆಳ್ಳಗೆ ಕದಡುತ್ತದೆ. ಹನಿ ಬಿದ್ದಲ್ಲಿ ಒಂದು ಕ್ಷಣ ಕೆಂಪು ಮಿಂಚಿ, ಫ್ಲಾಸ್ಕ್ ಅಲುಗಿಸಿದರೆ ಮಾಯವಾಗುತ್ತದೆ. ಕ್ಲೋರೈಡ್ ಪೂರ್ತಿ ಮುಗಿಯುವ ತನಕ ಹೀಗೆ. ಮುಗಿದ ಮರುಗಳಿಗೆ ಬೀಳುವ ಹನಿಯಲ್ಲಿನ ಬೆಳ್ಳಿಗೆ ಹಿಡಿಯಲು ಕ್ರೋಮೇಟ್ ಬಿಟ್ಟರೆ ಬೇರೇನೂ ಇಲ್ಲ. ಆಗ ಹುಟ್ಟುವ ಇಟ್ಟಿಗೆಗೆಂಪು ಅಲುಗಿಸಿದರೂ ಹೋಗುವುದಿಲ್ಲ. ಅದೇ ಅಂತ್ಯಬಿಂದು. ಅಲ್ಲಿ ತಿರುಪು ಮುಚ್ಚಬೇಕು. ಒಂದು ಹನಿ ಮುಂಚೆ ನಿಂತರೆ ಹಳದಿ, ನಾಲ್ಕು ಹನಿ ತಡವಾದರೆ ಕಡುಕೆಂಪು. ಎಡಗೈ ತಿರುಪಿನ ಮೇಲೆ, ಬಲಗೈಯಲ್ಲಿ ಫ್ಲಾಸ್ಕ್ ತಿರುಗುತ್ತಿರಬೇಕು, ಕಣ್ಣು ಬಣ್ಣದ ಮೇಲಿರಬೇಕು. ಬಣ್ಣ ಸ್ಪಷ್ಟ ಕಾಣಲೆಂದು ಅಡಿಗೆ ಬಿಳಿ ಕಾಗದ ಇಡುತ್ತಾರೆ. ಹದಿಮೂರು ವರ್ಷದ ಕೈಗೆ ಈ ಹದ ಬರಲು ಬೇಕಾದದ್ದು ಅಭ್ಯಾಸ, ಬೇರೆ ದಾರಿಯಿಲ್ಲ.

ದ್ರಾವಣವನ್ನು 0.0141 ನಾರ್ಮಲ್ ಎಂಬ ಸಾಂದ್ರತೆಯಲ್ಲಿ ಮಾಡಿಕೊಂಡರೆ ಲೆಕ್ಕ ಮಕ್ಕಳಿಗೆ ಹಗುರ. ಅದರ ಒಂದು ಮಿಲಿಲೀಟರ್ ಅರ್ಧ ಮಿಲಿಗ್ರಾಂ ಕ್ಲೋರೈಡಿಗೆ ಸಮ. 50 ಮಿ.ಲೀ. ಮಾದರಿ ತೆಗೆದುಕೊಂಡಿದ್ದರೆ, ಖರ್ಚಾದ ಒಂದೊಂದು ಮಿಲಿಲೀಟರೂ ಲೀಟರಿಗೆ 10 ಮಿಲಿಗ್ರಾಂ ಎಂದಾಯಿತು. ಮೊದಲು ಬಟ್ಟಿ ಇಳಿಸಿದ ನೀರಿನ ಮೇಲೂ ಇದೇ ಪ್ರಯೋಗ ಮಾಡಿ, ಅಲ್ಲಿ ಖರ್ಚಾದದ್ದನ್ನು ಕಳೆಯಬೇಕು. ಒಂದು ಬಾವಿಗೆ 6.2 ಮಿ.ಲೀ. ಹಿಡಿಯಿತು, ಬಟ್ಟಿ ನೀರಿಗೆ 0.2 ಎಂದರೆ ಉಳಿದದ್ದು 6. ಲೀಟರಿಗೆ 60 ಮಿಲಿಗ್ರಾಂ. ಒಳ್ಳೆಯ ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 250 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ ಒಪ್ಪುತ್ತಾರೆ. ಸಮುದ್ರದ ನೀರಲ್ಲಿ ಸುಮಾರು 19,000. ತುಂಬ ಉಪ್ಪಿರುವ ಬಾವಿಯಾದರೆ ಬ್ಯುರೆಟ್ ಪೂರ್ತಿ ಖಾಲಿಯಾದರೂ ಬಣ್ಣ ತಿರುಗುವುದಿಲ್ಲ. ಆಗ 5 ಮಿ.ಲೀ. ಮಾದರಿಗೆ ಬಟ್ಟಿ ನೀರು ಬೆರೆಸಿ 50 ಮಾಡಿಕೊಂಡು, ಬಂದ ಉತ್ತರವನ್ನು ಹತ್ತರಿಂದ ಗುಣಿಸುವುದು. ಸಿಲ್ವರ್ ನೈಟ್ರೇಟ್ ದುಬಾರಿ, ಬೆಳಕಿಗೆ ಕೆಡುವ ವಸ್ತುವಾದ್ದರಿಂದ ಕಂದು ಬಾಟಲಿಯಲ್ಲೇ ಇಡಬೇಕು. ಬೆರಳಿಗೆ ತಾಗಿದರೆ ಕಪ್ಪು ಕಲೆ, ಸಾಬೂನಿಗೆ ಬಗ್ಗುವುದಿಲ್ಲ. ಕೈಗವಸು, ಶಿಕ್ಷಕರ ಕಣ್ಗಾವಲು ಎರಡೂ ಇರಲೇಬೇಕು.

ಒಂದೇ ಮಾದರಿಯನ್ನು ಮೂರು ಸಲ ಅಳೆಯುವುದು ನಿಯಮ. ಮೂರೂ ಹತ್ತಿರ ಹತ್ತಿರ ಬಂದರೆ ಸರಾಸರಿ. ಒಂದು ದೂರ ಹೋದರೆ? ಮಕ್ಕಳಿಗೆ ಅದನ್ನು ಅಳಿಸಿಬಿಡುವ ಆಸೆ. ಅಳಿಸಬಾರದು. ಒಂದು ಗೆರೆ ಎಳೆದು, ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಕಾರಣ ಬರೆಯಬೇಕು: “ಹನಿ ಹೆಚ್ಚಾಯಿತು”, “ಬ್ಯುರೆಟ್ಟಿನಲ್ಲಿ ಗಾಳಿಗುಳ್ಳೆ ಇತ್ತು”. ಇದನ್ನು ಬರೆಯುವ ಪುಸ್ತಕಕ್ಕೆ ಲಾಗ್‌ಬುಕ್ ಎಂದು ಹೆಸರು. ತಂಡ ಸೇರಿದ ದಿನದಿಂದ ಏನು ಮಾಡಿದೆವು, ಎಲ್ಲಿ ಹೋದೆವು, ಯಾರು ಬರಲಿಲ್ಲ, ಯಾವ ಬಾವಿಯವರು ನೀರು ಕೊಡಲಿಲ್ಲ, ಎಲ್ಲವೂ ತಾರೀಕು ಸಮೇತ ಅದರಲ್ಲಿರಬೇಕು. ವರದಿ ಎಷ್ಟೇ ಚೆಂದವಿರಲಿ, ಅನುಭವಿ ತೀರ್ಪುಗಾರರ ಕೈ ಮೊದಲು ಹೋಗುವುದು ಲಾಗ್‌ಬುಕ್ಕಿಗೆ. ಮಳೆಗೆ ನೆನೆದು ಉಬ್ಬಿದ ಹಾಳೆ, ಮೂರು ಬಣ್ಣದ ಪೆನ್ನು, ಎರಡು ಕೈಬರಹ ಇದ್ದರೆ ಕೆಲಸ ನಡೆದಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಒಂದೇ ರಾತ್ರಿ, ಒಂದೇ ಪೆನ್ನಿನಲ್ಲಿ, ಒಂದೇ ದುಂಡಗಿನ ಅಕ್ಷರದಲ್ಲಿ ಬರೆದ ಮೂರು ತಿಂಗಳ ದಿನಚರಿ ನಾಲ್ಕನೆಯ ಪುಟಕ್ಕೇ ಸಿಕ್ಕಿಬೀಳುತ್ತದೆ. ದೊಡ್ಡವರು ಮಾಡಿಕೊಟ್ಟ ಯೋಜನೆ ಎಂಬ ಅನುಮಾನ ಈ ಸ್ಪರ್ಧೆಗೆ ಅಂಟಿದ ಹಳೆಯ ರೋಗ. ಅದಕ್ಕೆ ಇರುವ ಮದ್ದು ಈ ಪುಸ್ತಕವೇ.

ಅಂಕಿಗಳು ಬಂದ ಮೇಲೆ ಗ್ರಾಫ್. ಅಡ್ಡಗೆರೆಯ ಮೇಲೆ ಕಡಲಿನಿಂದ ದೂರ, ಉದ್ದಗೆರೆಯ ಮೇಲೆ ಕ್ಲೋರೈಡ್. ಚುಕ್ಕೆಗಳು ಎಡದಿಂದ ಬಲಕ್ಕೆ ಇಳಿಯುತ್ತ ಹೋದರೆ ಊಹೆ ಸರಿ. ಆದರೆ ಕರಾವಳಿಯಲ್ಲಿ ಇಂಥ ಅಳತೆ ಮಾಡಿದಾಗ ಕೆಲವು ಚುಕ್ಕೆಗಳು ಹಟಮಾರಿಗಳಂತೆ ಹೊರಗೆ ನಿಲ್ಲುವುದುಂಟು. ದಂಡೆಯಿಂದ ಎಂಟುನೂರು ಮೀಟರ್ ಒಳಗಿನ ಬಾವಿ ಉಪ್ಪು, ಇನ್ನೂರು ಮೀಟರಿನದ್ದು ಸಿಹಿ. ಆಗ ಮೊದಲು ಮಾಡಿದ ಊರ ನಕ್ಷೆಗೆ ಮರಳಬೇಕು. ಆ ಬಾವಿಯ ಹಿಂದೆಯೇ ಹೊಳೆಯ ಕವಲು ಇದ್ದರೆ, ಭರತದ ಹೊತ್ತಿಗೆ ಕಡಲ ನೀರು ಹೊಳೆಯೊಳಗೆ ನುಗ್ಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಇನ್ನೂ ಒಳಕ್ಕೆ. ಉಪ್ಪು ಬಂದದ್ದು ಪಡುವಣ ದಂಡೆಯಿಂದಲ್ಲ, ಮೂಡಣ ಹೊಳೆಯಿಂದ! ತಂಡದಲ್ಲಿ ಮೀನುಗಾರರ ಮನೆಯ ಮಗುವಿದ್ದರೆ ಇದನ್ನು ಹೇಳಲು ಶಿಕ್ಷಕರು ಬೇಕಿಲ್ಲ, ಭರತ ಇಳಿತದ ಲೆಕ್ಕ ಅದಕ್ಕೆ ಮನೆಯಲ್ಲೇ ಗೊತ್ತು. ಹೊಳೆಗೆ ಕಿಂಡಿ ಅಣೆಕಟ್ಟು ಇದೆಯೇ, ಮಳೆ ನಿಂತ ಮೇಲೆ ಅದಕ್ಕೆ ಹಲಗೆ ಯಾವಾಗ ಹಾಕಿದರು, ಹಲಗೆ ಸೋರುತ್ತಿದೆಯೇ ಎಂದು ನೋಡಲು ತಂಡ ಮತ್ತೆ ಹೊರಡುತ್ತದೆ. ಪ್ರಶ್ನೆ ಬದಲಾಯಿತು, ಯೋಜನೆ ಈಗ ನಿಜಕ್ಕೂ ಅವರದಾಯಿತು.

ಇನ್ನು ಇನ್ನೂರು ಮೀಟರಿನ ಬಾವಿ ಸಿಹಿಯಾಗಿ ಉಳಿಯುವುದು ಹೇಗೆ? ಇದಕ್ಕೆ ಉತ್ತರ 1888ರಲ್ಲಿ ಹಾಲೆಂಡಿನ ಘೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡದ್ದು. ಸಿಹಿನೀರು ಕಡಲ ನೀರಿಗಿಂತ ಸ್ವಲ್ಪ ಹಗುರ. ಉಪ್ಪುನೀರು ಸಾವಿರಕ್ಕೆ ಇಪ್ಪತ್ತೈದು ಪಾಲು ಹೆಚ್ಚು ತೂಕ. ಆದ್ದರಿಂದ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಇದೇ ಲೆಕ್ಕ ಹಿಂದುಮುಂದಾದರೆ ಅಪಾಯ: ಪಂಪ್ ಹಚ್ಚಿ ಮೇಲಿನ ಮಟ್ಟ ಒಂದು ಅಡಿ ಇಳಿಸಿದರೆ, ಕೆಳಗಿನಿಂದ ಉಪ್ಪು ನಲವತ್ತು ಅಡಿ ಏರಲು ದಾರಿಯಾಗುತ್ತದೆ. ಹಗ್ಗ ಇಳಿಬಿಟ್ಟು ಅಳೆದ ಆ ನೀರಿನ ಮಟ್ಟಕ್ಕೆ ಎಷ್ಟು ಬೆಲೆಯೆಂದು ಮಕ್ಕಳಿಗೆ ಈಗ ತಿಳಿಯುತ್ತದೆ.

ಸಮಾವೇಶ ಇಷ್ಟಕ್ಕೆ ಬಿಡುವುದಿಲ್ಲ. ತಿಳಿದದ್ದರಿಂದ ಊರಿಗೇನು ಮಾಡಿದಿರಿ ಎಂದು ಕೇಳುತ್ತದೆ. ಪರಿಹಾರದ ಪ್ರಯತ್ನಕ್ಕೂ ಅಂಕವಿದೆ. ಇಲ್ಲಿ ಮಕ್ಕಳು ಮಾಡಬಹುದಾದ ಸರಳ ಕೆಲಸ ಚಾವಣಿಯ ಮಳೆನೀರಿನ ಲೆಕ್ಕ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ನೂರು ಚದರ ಮೀಟರಿನ ಮಾಡಿನ ಮೇಲೆ ಬೀಳುವ ನೀರು ನಾಲ್ಕು ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ಸೋರಿ ಆರಿ ಹೋಗುತ್ತದೆ ಎಂದುಕೊಂಡರೂ ಮೂರು ಲಕ್ಷ ಇಪ್ಪತ್ತು ಸಾವಿರ ಲೀಟರ್ ಸೋಸಿ ಬಾವಿಗೋ ಇಂಗುಗುಂಡಿಗೋ ಬಿಡಬಹುದು. ಒಂದು ಮನೆಯಲ್ಲಿ ಮಾಡಿಸಿ, ಮುಂದಿನ ಬೇಸಿಗೆ ಅದೇ ಬಾವಿಯ ಕ್ಲೋರೈಡ್ ಮತ್ತೆ ಅಳೆದರೆ ಅದಕ್ಕಿಂತ ಒಳ್ಳೆಯ ಮುಂದುವರಿಕೆ ಬೇರೆ ಇಲ್ಲ.

ಬರವಣಿಗೆಗೆ ಮಿತಿಯಿದೆ: ಕಿರಿಯರ ವರದಿ 2500 ಪದ, ಹಿರಿಯರದು 3500. ಭಿತ್ತಿಪತ್ರ ನಾಲ್ಕು. ಮಂಡನೆಗೆ ಎಂಟು ನಿಮಿಷ, ಪ್ರಶ್ನೆಗೆ ಎರಡು. ಮಂಡಿಸುವುದು ತಂಡದ ನಾಯಕ ಅಥವಾ ನಾಯಕಿ. ಆ ಎರಡು ನಿಮಿಷವೇ ನಿಜವಾದ ಪರೀಕ್ಷೆ. “ಬಟ್ಟಿ ನೀರಿನ ಮೇಲೆ ಯಾಕೆ ಪ್ರಯೋಗ ಮಾಡಿದೆ?” “ಹದಿನೇಳನೆಯ ಬಾವಿ ಪಟ್ಟಿಯಲ್ಲಿ ಯಾಕಿಲ್ಲ?” ಕಂಠಪಾಠ ಮಾಡಿ ಬಂದ ಮಗು ಇಲ್ಲಿ ಶಿಕ್ಷಕರತ್ತ ತಿರುಗುತ್ತದೆ. ಬಾವಿಕಟ್ಟೆ ಹತ್ತಿ ಇಳಿದ ಮಗು, “ಅವರ ಮನೆಯಲ್ಲಿ ನಾಯಿ ಇತ್ತು ಸಾರ್, ಎರಡು ಸಲ ಹೋದರೂ ಒಳಗೆ ಬಿಡಲಿಲ್ಲ” ಎಂದರೂ ಅದು ಸರಿಯುತ್ತರವೇ, ಲಾಗ್‌ಬುಕ್ಕಿನಲ್ಲಿ ಅದು ಬರೆದಿದ್ದರೆ. ಜಿಲ್ಲೆಯಲ್ಲಿ ಕೊಟ್ಟ ಸಲಹೆಯನ್ನು ತಂಡ ಹೇಗೆ ಬಳಸಿಕೊಂಡಿತು ಎಂಬುದನ್ನು ಮುಂದಿನ ಹಂತದಲ್ಲಿ ನೋಡುತ್ತಾರೆ. ಹಾಗಾಗಿ ಜಿಲ್ಲೆಯಲ್ಲಿ ಗೆದ್ದ ತಂಡದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ.

ತಂಡವಾಗಿ ಮಾಡುವ ವಿಜ್ಞಾನ ಸ್ಪರ್ಧೆಗಳು ಬೇರೆಯೂ ಇವೆ. ಶಿಕ್ಷಣ ಇಲಾಖೆಯೂ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ಸೇರಿ ನಡೆಸುವ ವಿಜ್ಞಾನ ನಾಟಕ ಸ್ಪರ್ಧೆಯಲ್ಲಿ ಎಂಟು ಮಕ್ಕಳವರೆಗಿನ ತಂಡ ಅರ್ಧ ಗಂಟೆಯೊಳಗೆ ಒಂದು ವೈಜ್ಞಾನಿಕ ವಿಷಯವನ್ನು ರಂಗಕ್ಕೆ ತರಬೇಕು. ಮಳೆಗಾಲ ಮುಗಿದರೆ ರಾತ್ರಿಯಿಡೀ ಯಕ್ಷಗಾನದ ಚಂಡೆ ಕೇಳುವ ಈ ಸೀಮೆಯ ಮಕ್ಕಳಿಗೆ ರಂಗಸ್ಥಳದ ಭಯ ಕಡಿಮೆ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಅದರ ಕಸುಬು ಬೇರೆ, ಅದಕ್ಕೆ ಬೇರೆಯೇ ಲೇಖನ ಬೇಕು.

ಇಷ್ಟೆಲ್ಲ ಕೆಲಸಕ್ಕೆ ದುಡ್ಡು ಹೆಚ್ಚು ಬೇಕಿಲ್ಲ. ಬೇಕಾದದ್ದು ಶಿಕ್ಷಕರ ಸಮಯ. ಭಾನುವಾರ ಬೆಳಿಗ್ಗೆ ಆರಕ್ಕೆ ಬಾವಿಕಟ್ಟೆಯ ಬಳಿ ಮಕ್ಕಳ ಜೊತೆ ನಿಲ್ಲುವುದು, ಬೇರೆ ಕಾಲೇಜಿನ ಪ್ರಯೋಗಶಾಲೆಗೆ ಕೇಳಿ ಅನುಮತಿ ಪಡೆಯುವುದು, ಮನೆಯವರನ್ನು ಒಪ್ಪಿಸುವುದು, ಮತ್ತು ಎಲ್ಲಕ್ಕಿಂತ ಕಷ್ಟದ್ದು, ಉತ್ತರ ತನಗೆ ಗೊತ್ತಿದ್ದರೂ ಹೇಳದೆ ಇರುವುದು. ಇದಕ್ಕೆ ಪಾಠಪಟ್ಟಿಯಲ್ಲಿ ಗಂಟೆಯಿಲ್ಲ.

ಉಪ್ಪುಂದ, ಬೈಂದೂರು ಕಡೆಯ ತಂಡಗಳಿಗೆ ಒಂದು ವಿಶೇಷ ತೊಡಕಿದೆ. ಶಾಲೆ ತೆರೆದು, ತಂಡ ಕಟ್ಟಿ ಕೆಲಸ ಶುರುವಾಗುವುದು ಜೂನ್, ಜುಲೈಯಲ್ಲಿ. ಜಿಲ್ಲಾ ಮಟ್ಟದ ಸ್ಪರ್ಧೆ ಬರುವುದು ಮಳೆ ಮುಗಿಯುವ ಹೊತ್ತಿಗೆ. ಅಷ್ಟೂ ದಿನ ಎಲ್ಲ ಬಾವಿಯೂ ತುಂಬಿ, ಉಪ್ಪಿನ ಸುಳಿವೇ ಇರುವುದಿಲ್ಲ. ಕೇಂದ್ರ ವಿಷಯ ಎರಡು ವರ್ಷ ಉಳಿಯುವುದರ ಅನುಕೂಲ ಇಲ್ಲಿದೆ: ಮೊದಲ ವರ್ಷ ನಕ್ಷೆ, ಸಮೀಕ್ಷೆ, ಮಳೆಗಾಲದ ಅಳತೆ, ನಡುವಿನ ಬೇಸಿಗೆಯಲ್ಲಿ ಉಪ್ಪಿನ ಅಳತೆ, ಎರಡನೆಯ ವರ್ಷ ಎರಡನ್ನೂ ಪಕ್ಕಪಕ್ಕ ಇಟ್ಟು ಮಂಡನೆ. ಬೇಸಿಗೆ ರಜೆಯಲ್ಲಿ ಕೆಲಸ ಮಾಡಲು ಮಕ್ಕಳು ತಯಾರಿರುತ್ತಾರೆ, ತಡೆಯುವುದು ಹೆಚ್ಚಾಗಿ ಮನೆಯವರೇ. ಆಸಕ್ತಿಯಿರುವ ಶಿಕ್ಷಕರೂ ಪಾಲಕರೂ ಜಿಲ್ಲೆಯ ವಿಜ್ಞಾನ ಪರಿಷತ್ತಿನ ಸಂಯೋಜಕರನ್ನು ವಿಚಾರಿಸಿ ಈ ಸಾಲಿನ ವಿಷಯ, ನಿಯಮ, ದಿನಾಂಕ ತಿಳಿದುಕೊಳ್ಳಬಹುದು. ಆದರೆ ಏಪ್ರಿಲ್ ತಿಂಗಳ ನೀರು ಬೇಕಿದ್ದರೆ ಬಾಟಲಿ ಹಿಡಿದು ಏಪ್ರಿಲ್‌ನಲ್ಲೇ ಹೋಗಬೇಕು. ಸುತ್ತೋಲೆ ಬರುವವರೆಗೆ ಕಾದರೆ ಮಳೆ ಬಂದಿರುತ್ತದೆ.